ಗಡಿ ಸರಿದರೆ ಎದುರಾಳಿಯೂ ಬದಲು

ಆಗಸ್ಟ್ ಬಂತೆಂದರೆ ಚಿತ್ರದುರ್ಗ ಜಿಲ್ಲೆಯ ಭರಮಸಾಗರ, ತುರುವನೂರು, ಐಮಂಗಲ, ಧರ್ಮಪುರ, ಮತ್ತೋಡು, ಶ್ರೀರಾಂಪುರ, ತಾಳ್ಯ, ರಾಮಗಿರಿ ಕಡೆಯ ಹೈಸ್ಕೂಲು ಮಕ್ಕಳಿಗೆ ಹೋಬಳಿ ಮಟ್ಟದ ಕ್ರೀಡಾಕೂಟದ ಗುಂಗು. ಮಳೆ ಬಿಡುವು ಕೊಟ್ಟ ದಿನ ಮೈದಾನಕ್ಕೆ ಸುಣ್ಣದ ಗೆರೆ ಬೀಳುತ್ತದೆ, ಖೋ ಖೋ ಕಂಬ ನೆಡುತ್ತಾರೆ. ಅಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆಗೆ, ವಿಭಾಗಕ್ಕೆ, ರಾಜ್ಯಕ್ಕೆ. ಅದರಾಚೆ 1954ರಲ್ಲಿ ಹುಟ್ಟಿದ ಭಾರತೀಯ ಶಾಲಾ ಕ್ರೀಡಾ ಫೆಡರೇಷನ್ನಿನ ರಾಷ್ಟ್ರೀಯ ಕೂಟ. ಹೈಸ್ಕೂಲಿನವರದು 17 ವರ್ಷದೊಳಗಿನ ವಿಭಾಗ.

ಅಮೆರಿಕದಲ್ಲಿ ಹೈಸ್ಕೂಲುಗಳು ತಾವೇ ಕೂಡಿ ಕ್ರೀಡಾ ಒಕ್ಕೂಟ ಕಟ್ಟಿಕೊಳ್ಳುವುದುಂಟು. ಒಗ್ಗದಿದ್ದರೆ ಬಿಟ್ಟು ಇನ್ನೊಂದನ್ನು ಸೇರುವುದೂ ಉಂಟು. ನಮ್ಮಲ್ಲಿ ಶಾಲೆಗೆ ಆ ಆಯ್ಕೆಯಿಲ್ಲ. ಯಾರ ಮೇಲೆ ಆಡಬೇಕೆಂಬುದನ್ನು ಕಂದಾಯದ ನಕ್ಷೆಯೇ ತೀರ್ಮಾನಿಸುತ್ತದೆ. ಭರಮಸಾಗರದ ಹಿರಿಯರು ವಿಧಾನಸಭೆಗೆ ಮತ ಹಾಕುವುದು ಹೊಳಲ್ಕೆರೆ ಕ್ಷೇತ್ರದಲ್ಲಿ. ಅವರ ಮಕ್ಕಳು ಕಬಡ್ಡಿ ಆಡುವುದು ಚಿತ್ರದುರ್ಗ ತಾಲ್ಲೂಕಿನ ಪರವಾಗಿ.

ನಕ್ಷೆ ದೊಡ್ಡದಾಗಿ ಬದಲಾದದ್ದು 1997ರ ಆಗಸ್ಟ್ 15ರಂದು. ಅಲ್ಲಿಯವರೆಗೆ ಚಿತ್ರದುರ್ಗ ಒಂಬತ್ತು ತಾಲ್ಲೂಕುಗಳ ಜಿಲ್ಲೆ. ಹೊಸದುರ್ಗದ ಹುಡುಗರು ಜಿಲ್ಲೆ ಗೆಲ್ಲಬೇಕಾದರೆ ದಾವಣಗೆರೆ, ಹರಿಹರದಂಥ ಗಿರಣಿ ಊರುಗಳ ತಂಡಗಳನ್ನೂ ದಾಟಬೇಕಿತ್ತು. ದಾವಣಗೆರೆ ಜಿಲ್ಲೆಯಾದಾಗ ಈ ಎರಡರ ಜೊತೆ ಜಗಳೂರೂ ಹೋಯಿತು. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಳ್ಳಕೆರೆ, ಮೊಳಕಾಲ್ಮುರು, ಚಿತ್ರದುರ್ಗ ಉಳಿದವು. ಆರು ತಾಲ್ಲೂಕಿನ ಈ ಕೂಟದಲ್ಲಿ ಹಳ್ಳಿ ಶಾಲೆಗೆ ಜಿಲ್ಲಾ ಮಟ್ಟದ ಬಾಗಿಲು ಅಗಲವಾಯಿತೆಂದೇ ನನ್ನ ಎಣಿಕೆ. ಹಳೆಯ ಎದುರಾಳಿಗಳು ಪೂರ್ತಿ ಕಳೆದುಹೋಗಲಿಲ್ಲ. ಎರಡೂ ಜಿಲ್ಲೆ ಬೆಂಗಳೂರು ವಿಭಾಗದಲ್ಲೇ ಇರುವುದರಿಂದ ವಿಭಾಗ ಮಟ್ಟದಲ್ಲಿ ಮತ್ತೆ ಮುಖಾಮುಖಿ. ಅದೇ ದಿನ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ, ಅದರ ವಿಭಾಗವೇ ಬೇರೆ.

ಕೂಟದೊಳಗಿನ ಶಾಲೆಗಳೂ ಬದಲಾಗಿವೆ. ಒಂದು ಕಾಲಕ್ಕೆ ಸರ್ಕಾರಿ ಮತ್ತು ಮಠಗಳ ಅನುದಾನಿತ ಹೈಸ್ಕೂಲುಗಳೇ ಕಣದಲ್ಲಿ ಕಾಣುತ್ತಿದ್ದವು. ಆಮೇಲೆ ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳು, ಆದರ್ಶ ವಿದ್ಯಾಲಯಗಳು, ಖಾಸಗಿ ಇಂಗ್ಲಿಷ್ ಮಾಧ್ಯಮದವು ಬಂದವು. ವಸತಿ ಶಾಲೆಯ ಮಕ್ಕಳಿಗೆ ಬೆಳಿಗ್ಗೆ, ಸಂಜೆ ಎರಡೂ ಹೊತ್ತು ಅಭ್ಯಾಸಕ್ಕೆ ಸಿಗುತ್ತದೆ. ಹಳ್ಳಿ ಹೈಸ್ಕೂಲಿನ ಹುಡುಗಿ ಕೊನೆಯ ಗಂಟೆ ಹೊಡೆದೊಡನೆ ಬಸ್ಸು ಹಿಡಿಯಬೇಕು. ಇಬ್ಬರೂ ಒಂದೇ ಗೆರೆಯಲ್ಲಿ ನಿಂತು ಓಡುತ್ತಾರೆ. ಈ ಅಂತರವನ್ನು ತಕ್ಕಮಟ್ಟಿಗಾದರೂ ತುಂಬಿಕೊಡುವವರು ಪಿ.ಟಿ. ಮೇಷ್ಟ್ರುಗಳು, ಅವರಿಲ್ಲದ ಶಾಲೆಯಿಂದ ತಂಡ ಹೊರಡುವುದೇ ಕಷ್ಟ.

ಕಣಕ್ಕೆ ಸೇರದವರೂ ಇದ್ದಾರೆ. ಹಿರಿಯೂರು ತಾಲ್ಲೂಕಿನ ಉಡುವಳ್ಳಿಯ ಜವಾಹರ ನವೋದಯ ವಿದ್ಯಾಲಯದ ಮಕ್ಕಳು ಪಕ್ಕದ ಹೈಸ್ಕೂಲಿನವರ ಮೇಲೆ ಆಡುವುದಿಲ್ಲ. ನವೋದಯಗಳಿಗೆ ತಮ್ಮದೇ ಕ್ಲಸ್ಟರ್, ಪ್ರಾದೇಶಿಕ ಕೂಟಗಳಿವೆ, ಫೆಡರೇಷನ್ನಿನಲ್ಲಿ ಪ್ರತ್ಯೇಕ ಘಟಕವೂ ಇದೆ. ಪಿಯು ಕಾಲೇಜುಗಳ ಕೂಟವೂ ಬೇರೆಯೇ.

ಈ ಇತಿಹಾಸ ಇರುವುದು ಮುಖ್ಯೋಪಾಧ್ಯಾಯರ ಕೊಠಡಿಯ ಬೀರುಗಳಲ್ಲಿ, ಷೀಲ್ಡು ಮತ್ತು ಪ್ರಮಾಣಪತ್ರಗಳ ರೂಪದಲ್ಲಿ. ನಿಮ್ಮೂರ ಶಾಲೆಯಲ್ಲಿ 1997ಕ್ಕೆ ಮುಂಚಿನ ಷೀಲ್ಡು ಇದ್ದರೆ, ನಿವೃತ್ತ ಪಿ.ಟಿ. ಮೇಷ್ಟ್ರನ್ನು ಕರೆದು ಕೂರಿಸಿಕೊಳ್ಳಿ. ಅಂದು ಆಡಿದವರು ಯಾರು, ಯಾವ ಊರನ್ನು ಸೋಲಿಸಿದರು ಎಂಬುದನ್ನು ಕೇಳಿ, ಬರೆದಿಡಿ.