ಯಾವ ನೋವು ಅನಿವಾರ್ಯ?

ರಾಯಚೂರು ಜಿಲ್ಲೆಯ ಅರಕೇರಾದಂಥ ಊರಿನಲ್ಲಿ ತಲೆಗೆ ಹಚ್ಚುವ ಶಾಂಪೂ, ಹೊಲಕ್ಕೆ ಹೊಡೆಯುವ ಕೀಟನಾಶಕ, ಹಾವು ಕಚ್ಚಿದಾಗ ಕೊಡಿಸುವ ಚುಚ್ಚುಮದ್ದು ಮೂರೂ ಬದುಕಿನ ಭಾಗವೇ. ಮೂರರ ಹಿಂದೆಯೂ ಮೂಕಪ್ರಾಣಿಗಳ ನೋವಿದೆ. ಆದರೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮೊದಲು ಶಾಂಪೂ. ಅಮೆರಿಕದ ವಿಜ್ಞಾನಿ ಜಾನ್ ಡ್ರೈಜ್ 1944ರಲ್ಲಿ ರೂಪಿಸಿದ ಪರೀಕ್ಷೆ ದಶಕಗಳ ಕಾಲ ಬಳಕೆಯಲ್ಲಿತ್ತು. ವಸ್ತುವನ್ನು ಮೊಲದ ಕಣ್ಣಿಗೆ ಹಾಕಿ, ಮುಂದಿನ ದಿನಗಳಲ್ಲಿ ಕಾಣುವ ಕೆಂಪು, ಊತ, ಹುಣ್ಣುಗಳಿಗೆ ಅಂಕ ಕೊಡುವುದೇ ಆ ಪರೀಕ್ಷೆ. ಮೊಲದ ಕಣ್ಣು ಮನುಷ್ಯನ ಕಣ್ಣಿನಂತಲ್ಲ. ಆದ್ದರಿಂದ ಫಲಿತಾಂಶವೂ ಸದಾ ಹೊಂದುತ್ತಿರಲಿಲ್ಲ. ಈಗ ಪ್ರಯೋಗಶಾಲೆಯಲ್ಲಿ ಬೆಳೆಸಿದ ಮಾನವ ಜೀವಕೋಶಗಳ ಪದರದ ಮೇಲೆಯೇ ಇಂಥ ಪರೀಕ್ಷೆ ನಡೆಸಬಹುದು.

ಸೌಂದರ್ಯ ಸಾಧನಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು ಭಾರತ 2014ರ ಮೇ ತಿಂಗಳಲ್ಲಿ ನಿಷೇಧಿಸಿತು. ಹಾಗೆ ಪರೀಕ್ಷಿಸಿದ ಸರಕಿನ ಆಮದಿಗೂ ಅದೇ ವರ್ಷದ ನವೆಂಬರಿನಿಂದ ತಡೆ ಬಿತ್ತು. ಕೊಳ್ಳುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಸೋಪಿನ ಹೊದಿಕೆಯ ಮೇಲಿನ ಹಸಿರು ಚುಕ್ಕೆ ಅದರಲ್ಲಿ ಪ್ರಾಣಿಜನ್ಯ ವಸ್ತುವಿಲ್ಲ ಎಂದಷ್ಟೇ ಹೇಳುತ್ತದೆ. ಪರೀಕ್ಷೆಯ ಮಾತನ್ನು ಅದು ಹೇಳುವುದಿಲ್ಲ. ಜಿಗಿಯುವ ಮೊಲದ ಅಂತರರಾಷ್ಟ್ರೀಯ ಗುರುತು ಪರೀಕ್ಷೆಗೆ ಸಂಬಂಧಿಸಿದ್ದು.

ಕೀಟನಾಶಕದ ಮಾತು ಬೇರೆ. ಸೌಂದರ್ಯ ಸಾಧನಗಳ ನಿಷೇಧ ಅದಕ್ಕೆ ಅನ್ವಯಿಸುವುದಿಲ್ಲ. ಹತ್ತಿ, ಮೆಣಸಿನಕಾಯಿ ಬೆಳೆಗಾರರು ಕಾಣುವ ಡಬ್ಬಿಯ ಮೇಲಿನ ಬಣ್ಣದ ತ್ರಿಕೋನ ಪ್ರಾಣಿ ಪರೀಕ್ಷೆಯಿಂದಲೇ ಬಂದದ್ದು. ಪರೀಕ್ಷೆಗೊಳಗಾದ ಪ್ರಾಣಿಗಳಲ್ಲಿ ಅರ್ಧದಷ್ಟು ಸಾಯಲು, ದೇಹತೂಕದ ಪ್ರತಿ ಕಿಲೋಗೆ 50 ಮಿಲಿಗ್ರಾಂ ಒಳಗೆ ಹೊಟ್ಟೆಗೆ ಹೋದರೆ ಸಾಕು ಎನಿಸಿದ ವಿಷಕ್ಕೆ ಕೆಂಪು. 5,000 ಮಿಲಿಗ್ರಾಂ ಮೀರಿದರೆ ಹಸಿರು. ಸತ್ತ ಇಲಿಗಳು ಬಿಟ್ಟುಹೋದ ಈ ಎಚ್ಚರಿಕೆಯನ್ನು ಓದದೆ ಬರಿಗೈಯಲ್ಲಿ ಔಷಧಿ ಕಲಸಿದರೆ ಅವುಗಳ ಸಾವೂ ವ್ಯರ್ಥ, ನಮ್ಮ ಜೀವಕ್ಕೂ ಅಪಾಯ.

ಇನ್ನು ಹಾವಿನ ವಿಷಕ್ಕೆ ಮದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಕುದುರೆಗಳಿಗೆ ಅಲ್ಪಸ್ವಲ್ಪವಾಗಿ ಚುಚ್ಚುತ್ತ ಹೋಗಿ, ಅವುಗಳ ರಕ್ತದಲ್ಲಿ ಮೂಡುವ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ತಯಾರಾದ ಮದ್ದಿನ ಶಕ್ತಿಯನ್ನು ಇಲಿಗಳ ಮೇಲೆ ಅಳೆಯುತ್ತಾರೆ. ಇದನ್ನು ಇಂದೇ ಬೇಡವೆಂದರೆ ಹೊಲದಲ್ಲಿ ದುಡಿಯುವವರ ಜೀವಕ್ಕೆ ಕುತ್ತು. ಆದರೂ ಬದಲಿ ದಾರಿಗಳ ಹುಡುಕಾಟ ನಡೆದಿದೆ. ಹೊಸ ಔಷಧಿಗಳ ವಿಷಯದಲ್ಲಿ ಪ್ರಾಣಿಗಳ ಬದಲು ಜೀವಕೋಶ, ಗಣಕಯಂತ್ರ ಆಧಾರಿತ ಪರೀಕ್ಷೆಗಳಿಗೆ ಭಾರತದ ನಿಯಮ 2023ರಲ್ಲಿ ಅವಕಾಶ ನೀಡಿತು.

ಕರುಣೆಯೆಂದರೆ ಎಲ್ಲವನ್ನೂ ತಿರಸ್ಕರಿಸುವುದಲ್ಲ. ಅಗತ್ಯ ಯಾವುದು, ಅಲಂಕಾರ ಯಾವುದು ಎಂದು ಬೇರ್ಪಡಿಸುವುದು. ಸೋಪು ಕೊಳ್ಳುವಾಗ ಹೊದಿಕೆ ಓದುವುದು, ಔಷಧಿ ಸಿಂಪಡಿಸುವಾಗ ಕೈಗವಸು ತೊಡುವುದು, ರಾತ್ರಿ ನೀರು ಹಾಯಿಸಲು ಹೋಗುವಾಗ ಬೂಟು, ಬ್ಯಾಟರಿ ಒಯ್ಯುವುದು ಇವೆಲ್ಲ ಅದರ ಭಾಗವೇ. ಹಾವು ಕಚ್ಚಿದರೆ ಮಾತ್ರ ಮಂತ್ರ ಹಾಕಿಸುತ್ತ ಕೂರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು.