ಹದಿನಾರು ಮೂಲೆಯ ಗುಡಿಯೂ 65,537 ಎಂಬ ಸಂಖ್ಯೆಯೂ

ಅರಸೀಕೆರೆ ಎಂದೊಡನೆ ಹಲವರಿಗೆ ನೆನಪಾಗುವುದು ರೈಲ್ವೆ ಜಂಕ್ಷನ್. ಬೇಲೂರು, ಹಳೇಬೀಡಿಗೆ ಹೊರಟವರು ಊರೊಳಗಿನ ಶಿವಾಲಯದತ್ತ ತಿರುಗುವುದು ಕಡಿಮೆ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊಯ್ಸಳ ದೇವಾಲಯಗಳು ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದವು, ಅರಸೀಕೆರೆಯದು ಅದರಲ್ಲಿಲ್ಲ. ಆದರೆ ಸುಮಾರು 1220ರ ಈ ಗುಡಿಯ ತಳವಿನ್ಯಾಸ ರೇಖಾಗಣಿತದ ಒಂದು ಒಳ್ಳೆಯ ಪಾಠ.

ಇಲ್ಲಿನ ಗರ್ಭಗುಡಿಯ ಹೊರಗೋಡೆ ಹದಿನಾರು ಮೂಲೆಗಳ ನಕ್ಷತ್ರ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ಇಪ್ಪತ್ತೆರಡೂವರೆ ಡಿಗ್ರಿಯಂತೆ ತಿರುಗಿಸುತ್ತ ಹೋದರೆ ನಾಲ್ಕು ಚೌಕಗಳಿಂದ ಹದಿನಾರು ಮೂಲೆಗಳು ಮೂಡುತ್ತವೆ. ಬೇಲೂರು, ಹಳೇಬೀಡುಗಳಲ್ಲೂ ತಿರುಗುವ ಚೌಕದ ಇದೇ ಉಪಾಯವಿದೆ. ಆದರೆ ಅಲ್ಲಿ ದಿಕ್ಕುಗಳಿಗೆ ಎದುರಾದ ಭಾಗಗಳು ನೇರವಾಗಿದ್ದು, ನಕ್ಷತ್ರದ ಸಾಲು ನಡುನಡುವೆ ಕಡಿಯುತ್ತದೆ.

ಹದಿನಾರೇ ಏಕೆ? ಒಂದು ಗೂಟ, ಒಂದು ಹಗ್ಗ ಇದ್ದರೆ ನೆಲದ ಮೇಲೆ ಯಾವ ಕೋನವನ್ನಾದರೂ ಸರಿಯಾಗಿ ಎರಡು ಪಾಲು ಮಾಡಬಹುದು. ನಾಲ್ಕು ಎಂಟಾಗುತ್ತದೆ, ಎಂಟು ಹದಿನಾರಾಗುತ್ತದೆ. ಆದರೆ ಏಳು ಸಮ ಮೂಲೆಗಳ ಆಕೃತಿ ಬರೆಯಿರಿ ಎಂದರೆ? ಅಂದಾಜಿನಲ್ಲಿ ಬರೆಯಬಹುದು, ಹಗ್ಗ ಮತ್ತು ನೇರ ಗೆರೆಗಳಿಂದಷ್ಟೇ ಖಚಿತವಾಗಿ ಬರೆಯಲಾಗದು.

ಹದಿನೇಳು ಮೂಲೆಗಳು ಮಾತ್ರ ಸಾಧ್ಯವೆಂದು 1796ರಲ್ಲಿ ಕಂಡುಕೊಂಡವನು ಜರ್ಮನಿಯ ಗೌಸ್. ಆಗ ಅವನಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಮೂಲೆಗಳ ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅಂದರೆ 1 ಮತ್ತು ಅದೇ ಸಂಖ್ಯೆಯ ಹೊರತು ಬೇರಾವುದೂ ಅದನ್ನು ನಿಶ್ಶೇಷವಾಗಿ ಭಾಗಿಸದಿದ್ದರೆ, ನಿಯಮ ಸರಳ. ಅದರಿಂದ 1 ಕಳೆದಾಗ 2, 4, 8, 16 ಹೀಗೆ ಇಮ್ಮಡಿಸುತ್ತ ಹೋಗುವ ಸಾಲಿನ ಸಂಖ್ಯೆಯೇ ಉಳಿಯಬೇಕು. 17ರಿಂದ ಒಂದು ಕಳೆದರೆ 16, ಸರಿ. 7ರಿಂದ ಕಳೆದರೆ 6, ಆಗದು. ಇದಕ್ಕೆ ಪೂರ್ಣ ಸಾಧನೆ ದೊರೆತದ್ದು 1837ರಲ್ಲಿ, ಫ್ರಾನ್ಸಿನ ವಾಂಟ್ಸೆಲ್‌ನಿಂದ.

ಈ ನಿಯಮಕ್ಕೆ ಒಪ್ಪುವ ಅವಿಭಾಜ್ಯ ಸಂಖ್ಯೆಗಳು ಇದುವರೆಗೆ ಸಿಕ್ಕಿರುವುದು ಐದೇ: 3, 5, 17, 257 ಮತ್ತು 65,537. ಕೊನೆಯದು ಹದಿನಾರು ಎರಡುಗಳನ್ನು ಗುಣಿಸಿ ಒಂದು ಕೂಡಿದ ಸಂಖ್ಯೆ. ಮೂವತ್ತೆರಡು ಎರಡುಗಳನ್ನು ಗುಣಿಸಿ ಒಂದು ಕೂಡಿದರೂ ಅವಿಭಾಜ್ಯವೇ ಬರುತ್ತದೆ ಎಂದು ಫರ್ಮಾ ನಂಬಿದ್ದ. ಅದನ್ನು 641 ಭಾಗಿಸುತ್ತದೆ ಎಂದು 1732ರಲ್ಲಿ ಆಯ್ಲರ್ ತೋರಿಸಿದ. 65,537 ಮೂಲೆಗಳ ಆಕೃತಿಯ ರಚನೆಗೆ ಹರ್ಮೆಸ್ ಎಂಬ ಜರ್ಮನ್ ಗಣಿತಜ್ಞ ಸುಮಾರು ಹತ್ತು ವರ್ಷ ದುಡಿದು 1894ರಲ್ಲಿ ಮುಗಿಸಿದ. ಆ ಹಸ್ತಪ್ರತಿ ಗ್ಯಾಟಿಂಗೆನ್ ವಿಶ್ವವಿದ್ಯಾಲಯದ ಪಾಲಾಯಿತು.

ಇದೆಲ್ಲ ಬರೀ ಕಸರತ್ತೆಂದು ತಳ್ಳಿಹಾಕುವಂತಿಲ್ಲ. ಕಂಪ್ಯೂಟರುಗಳು ಗುಟ್ಟಿನ ಸಂದೇಶ ಕಳುಹಿಸುವ ಆರ್‌ಎಸ್‌ಎ ವಿಧಾನದಲ್ಲಿ ಬಹಿರಂಗ ಕೀಲಿಯ ಭಾಗವಾಗಿ ಹೆಚ್ಚಾಗಿ ಬಳಕೆಯಾಗುವ ಸಂಖ್ಯೆ 65,537. ಒಂದು ಸಂಖ್ಯೆಯನ್ನು 65,537 ಬಾರಿ ಇಟ್ಟು ಗುಣಿಸಬೇಕೆಂದರೆ ಕಂಪ್ಯೂಟರೂ ಬಳಲೀತು. ಆದರೆ ಬಂದ ಉತ್ತರವನ್ನು ಅದರಿಂದಲೇ ಗುಣಿಸುತ್ತ ಹದಿನಾರು ಹೆಜ್ಜೆ ಹೋಗಿ, ಕೊನೆಗೆ ಮೊದಲ ಸಂಖ್ಯೆಯಿಂದ ಒಮ್ಮೆ ಗುಣಿಸಿದರೆ ಹದಿನೇಳು ಗುಣಾಕಾರಗಳಲ್ಲಿ ಕೆಲಸ ಮುಗಿಯುತ್ತದೆ.

ಅರಸೀಕೆರೆಯ ಶಿಲ್ಪಿಗೆ ಈ ಸಂಖ್ಯೆ ಗೊತ್ತಿತ್ತೆಂದು ಹೇಳಲು ಯಾವ ಆಧಾರವೂ ಇಲ್ಲ; ಹೇಳುವ ಅಗತ್ಯವೂ ಇಲ್ಲ. ನಾಲ್ಕನ್ನು ಎಂಟು, ಎಂಟನ್ನು ಹದಿನಾರು ಮಾಡುವ ಬಗೆ ಅವನ ಕೈಯಲ್ಲಿತ್ತು. ಗುಡಿಯ ಸುತ್ತ ಒಮ್ಮೆ ನಡೆದು ಮೂಲೆಗಳನ್ನು ಎಣಿಸಿ ನೋಡಬೇಕು. ಹದಿನಾರು ಸಿಗುವುದಿಲ್ಲ, ಮುಂಭಾಗದ ಕೆಲವು ಮಂಟಪದ ಕಡೆ ಸೇರಿಹೋಗಿವೆ. ಉಳಿದವನ್ನು ಲೆಕ್ಕದಿಂದ ತುಂಬಿಕೊಳ್ಳಬೇಕು.