ಕೈಯಾರೆ ಕಟ್ಟಿದ ಕಾರಿನ ಮುಂದಿನ ಸಸ್ಪೆನ್ಷನ್: ದಾರ, ಜ್ಯಾಕ್, ಟೇಪು

ಕೊಯಾಲಿಯಿಂದ ಮಾತಾಡ್ತಿದ್ದೀನಿ, ಹಿಂದೆ ರಿಫೈನರಿ ಸದ್ದು ಬಂದರೆ ಹೊಂದಿಸ್ಕೊಳ್ಳಿ. ನಾನು ಕೋಡ್ ಬರೆಯೋನು, ಆದ್ರೂ ಎಂ.ಟೆಕ್ ದಿನಗಳ ಈ ಹುಚ್ಚು ಬಿಟ್ಟಿಲ್ಲ.

ನಮ್ಮಲ್ಲಿ ಬಿಡಿಭಾಗ ಜೋಡಿಸಿ ಕಾರು ಕಟ್ಟೋರು ಹೆಚ್ಚಾಗಿ ಕಾಲೇಜು ಹುಡುಗರೇ. ಬೆಂಗಳೂರಿನ ಆರ್.ವಿ. ಕಾಲೇಜಿನ ಅಶ್ವ ರೇಸಿಂಗ್ ತಂಡವನ್ನೇ ನೋಡಿ. ಟೈಪ್ ಅಪ್ರೂವಲ್ ಇಲ್ಲದ ಇಂಥ ಕಾರು ರಸ್ತೆಗಿಳಿಯುವಂತಿಲ್ಲ, ಟ್ರ್ಯಾಕಿಗೆ ಮಾತ್ರ. ಫಾರ್ಮುಲಾ ಸ್ಟೂಡೆಂಟ್ ನಿಯಮದಂತೆ ಚಕ್ರ ಕನಿಷ್ಠ 50 ಮಿ.ಮೀ. ಮೇಲೆ-ಕೆಳಗೆ ಆಡಬೇಕು. ತೊಂದರೆ ಶುರುವಾಗೋದೇ ಈ ಆಟದಲ್ಲಿ.

ಮೇಲಿನ, ಕೆಳಗಿನ ವಿಶ್‌ಬೋನ್‌ಗಳು ಚಕ್ರವನ್ನು ಒಂದು ಕಮಾನಿನಲ್ಲಿ ಒಯ್ಯುತ್ತವೆ. ಸ್ಟೀರಿಂಗಿನ ಟೈ ರಾಡ್ ತನ್ನದೇ ಕಮಾನಿನಲ್ಲಿ ಹೋಗುತ್ತದೆ. ಎರಡೂ ಹೊಂದದಿದ್ದರೆ ಗುಂಡಿಗೆ ಬಿದ್ದ ಚಕ್ರ ತಾನಾಗೇ ತಿರುಗುತ್ತೆ. ಬಂಪ್ ಸ್ಟಿಯರ್ ಅಂದ್ರೆ ಇದೇ. ನೀವು ಸ್ಟೀರಿಂಗ್ ನೇರ ಹಿಡಿದಿದ್ರೂ ವೇಗದಲ್ಲಿ ಕಾರು ಪಕ್ಕಕ್ಕೆ ಹಾರಬಹುದು. ಕ್ಯಾಂಬರ್ ಅರ್ಧ ಡಿಗ್ರಿ ತಪ್ಪಿದ್ರೆ ಟೈರ್ ಸವೆಯುತ್ತೆ, ಅಷ್ಟೇ, ಇದು ಹಾಗಲ್ಲ. ಅದಕ್ಕೇ ನಾನು ಮೊದಲು ನೋಡೋದು ಇದನ್ನ.

ಸ್ಪ್ರಿಂಗ್ ಬಿಚ್ಚಿ, ಚಾಸಿಯನ್ನು ಸ್ಟ್ಯಾಂಡ್ ಮೇಲೆ ಭದ್ರವಾಗಿ ಕೂರಿಸಿ, ಸ್ಟೀರಿಂಗ್ ಅಲ್ಲಾಡದಂತೆ ಕಟ್ಟಿ. ಚಕ್ರವನ್ನು ಜ್ಯಾಕಿನಿಂದ 10 ಮಿ.ಮೀ. 10 ಮಿ.ಮೀ. ಎತ್ತುತ್ತಾ ಪ್ರತಿ ಸಲ ಟೋ ಬರೆದಿಡಿ. ಬದಲಾದರೆ ಸ್ಟೀರಿಂಗ್ ರ‍್ಯಾಕಿನ ಎತ್ತರವನ್ನೋ ಟೈ ರಾಡಿನ ಹೊರತುದಿಯನ್ನೋ ತೆಳು ಶಿಮ್ ಹಾಕಿ ಸರಿಸಿ, ಮತ್ತೆ ಅಳೆಯಿರಿ. ಬೇಸರದ ಕೆಲಸ, ಡೀಬಗ್ಗಿಂಗ್ ಥರಾನೇ.

ಟೋ ಅಳೆಯೋಕೆ ದಾರ ಸಾಕು. ಕಾರಿನ ಮಧ್ಯರೇಖೆಗೆ ಸಮಾನಾಂತರವಾಗಿ ಎರಡೂ ಬದಿ, ಹಬ್ ಎತ್ತರಕ್ಕೆ ಕಟ್ಟಿ. ಹಿಂದಿನ ಟೈರಿಗೆ ತಾಗಿಸಿ ಎಳೀಬೇಡಿ; ಮುಂದಿನ, ಹಿಂದಿನ ಟ್ರ್ಯಾಕ್ ಅಗಲ ಬೇರೆ ಇರುತ್ತೆ. ರಿಮ್ಮಿನ ಮುಂದಿನ ಅಂಚು ದಾರದಿಂದ ಹೆಚ್ಚು ದೂರ ಇದ್ದರೆ ಟೋ-ಇನ್. 13 ಇಂಚಿನ ರಿಮ್ಮಿನಲ್ಲಿ ಸುಮಾರು 6 ಮಿ.ಮೀ. ವ್ಯತ್ಯಾಸ ಅಂದರೆ 1 ಡಿಗ್ರಿ.

ಬಂಪ್ ಸ್ಟಿಯರ್ ಹತೋಟಿಗೆ ಬಂದ ಮೇಲೆ ಸ್ಪ್ರಿಂಗ್ ಹಾಕಿ, ಸೀಟಿನಲ್ಲಿ ಚಾಲಕನ ತೂಕದ ಮರಳು ಮೂಟೆ ಇಟ್ಟು, ಕಾರಿನ ಎತ್ತರ ಹೊಂದಿಸಿ. ಆಮೇಲೆ ಕ್ಯಾಸ್ಟರ್: ಚಕ್ರವನ್ನು 20 ಡಿಗ್ರಿ ಎಡಕ್ಕೆ, 20 ಡಿಗ್ರಿ ಬಲಕ್ಕೆ ತಿರುಗಿಸಿ ಕ್ಯಾಂಬರ್ ಓದಿ, ಎರಡರ ವ್ಯತ್ಯಾಸವನ್ನು ಒಂದೂವರೆಯಿಂದ ಗುಣಿಸಿ. ಫೋನಿನ ಇಳಿಜಾರು ಮಾಪಕ ನಡೆಯುತ್ತೆ, ನೆಲ ಮಾತ್ರ ಮಟ್ಟವಾಗಿರಲಿ. ನಂತರ ಕ್ಯಾಂಬರ್. ಟೋ ಕಟ್ಟಕಡೆಗೆ, ಯಾಕಂದ್ರೆ ಕ್ಯಾಂಬರ್ ಮುಟ್ಟಿದರೆ ಟೋ ಕೆಡುತ್ತೆ.

ಇಷ್ಟಾದ ಮೇಲೆ ಎಲ್ಲ ಲಾಕ್ ನಟ್ ಬಿಗಿ ಮಾಡಿ, ಇನ್ನೊಮ್ಮೆ ದಾರ ಹಿಡೀರಿ.